ಆರದ ನಾರು

ಜನವರಿ 12

ಕಡ್ಡಿಗೆ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರುಮಾಡುವುದು ರೂಢಿ. ಈಗ ಇಲ್ಲಿ ‘ನಾವೆಲ್ಲ’ ಎಂದರೆ ನಾನೊಬ್ಬನೇ. ಕ್ಷೇಮದ ಸಂಗತಿ ಮುಂದೆ ಬರುತ್ತದೆ. ನಿನ್ನ ವಿಳಾಸ ನಿನ್ನ ಸೋದರಮಾವನಿಂದ ಇಸಿದುಕೊಂಡೆ. ನಿನ್ನ ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಆಡಿದ ಮಾತಿದೆಯಲ್ಲ, ಅದಾದ ಮೇಲೆ ಇದೇ ನನ್ನ ಮೊದಲ ಕಾಗದ. ಆರು ವರ್ಷ ಆಗಿರಬೇಕು. ಅದನ್ನು ಕೆದಕಲು ಬರೆಯುತ್ತಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ಕೆಲವು ತಿಂಗಳಿಂದ ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಮೆಟ್ಟಿಲಿಲ್ಲದ ಕಡೆಯೂ ಸಾಲದೆ ಬಂತು. ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿಯ ಎದೆ ಡಾಕ್ಟರು ಹೆಂಗಸು, ನಿನ್ನ ಓರಗೆಯವರು, ನಿನ್ನ ಹಾಗೇ ಬೇಗ ಬೇಗ ಮಾತಾಡುತ್ತಾರೆ. ಬೆನ್ನಿಗೆ ಸೂಜಿ ಹಾಕಿ ಪಕ್ಕೆಯಿಂದ ನೀರು ತೆಗೆದರು. ದೊಡ್ಡ ಬಾಟಲಿ ತುಂಬಿತು, ಹಾಲು ಹಾಕದ ಚಹಾದ ಬಣ್ಣ. ಇಷ್ಟನ್ನು ಹೊತ್ತುಕೊಂಡು ತರಕಾರಿ ತರಲು ಹೋಗಿ ಬರುತ್ತಿದ್ದೆನಲ್ಲ ಎಂದು ನನಗೇ ಅಚ್ಚರಿಯಾಯಿತು. ಒಂದು ಚೂರು ಮಾಂಸವನ್ನೂ ಕಿತ್ತು ಪರೀಕ್ಷೆಗೆ ಕಳಿಸಿದರು. ಮೊನ್ನೆ ಕರೆದು ಕೂರಿಸಿ ಬಹಳ ಹೊತ್ತು ವಿವರಿಸಿದರು.

“ಗೊತ್ತಾಯ್ತಾ?” ಅಂತ ಕೇಳಿದರು.

“ಗೊತ್ತಾಯ್ತು” ಅಂದೆ.

ನನಗೆ ಏನು ಗೊತ್ತಾಗುತ್ತದೆ. ಎದ್ದು ಬರುವಾಗ, “ಆ ಹೆಸರುಗಳನ್ನ ಒಂದು ಚೀಟೀಲಿ ಬರ್ಕೊಡಿ” ಎಂದೆ. “ಇವೆಲ್ಲ ಗ್ರೀಕ್ ಮಾತುಗಳು, ತಾತ, ನಮಗೂ ಬಾಯಿಪಾಠ ಅಷ್ಟೇ” ಎಂದು ನಕ್ಕರು. “ನನ್ನ ಮಗಳು ಅದರ ನಿಘಂಟು ಬರೆಯೋಳು” ಎಂದೆ. ಬಾಯಿಂದ ಬಂದುಬಿಟ್ಟಿತು.

ಚೀಟಿಯಲ್ಲಿ ಇರುವುದು ಮೂರು ಪದ: ಪ್ಲೂರಾ. ಮೀಸೋಥೀಲಿಯೋಮ. ಆಸ್ಬೆಸ್ಟಾಸ್. ಕೊನೆಯದು ನನಗೆ ಗೊತ್ತು, ನಿನ್ನನ್ನು ಓದಿಸಿದ್ದೇ ಅದು. ಆದರೆ ಅದಕ್ಕೆ ಅರ್ಥ ಅಂತ ಒಂದು ಇದೆಯೆಂದು ಯೋಚಿಸಿರಲಿಲ್ಲ. ಬಿಡುವಾದಾಗ ಬರೆ. ಅವಸರವೇನಿಲ್ಲ.

ಅಪ್ಪ

*

ಜನವರಿ 24

ಅಪ್ಪನಿಗೆ,

ನಿಮ್ಮ ಕಾಗದ ಬಂದು ವಾರವಾಯಿತು. ಉತ್ತರವನ್ನು ಮೂರು ಸಲ ಬರೆದು ಹರಿದು ಹಾಕಿದೆ. ಕೊನೆಗೆ, ಕೇಳಿದ್ದಕ್ಕಷ್ಟೇ ಉತ್ತರ ಬರೆಯೋಣ ಎಂದು ಕೂತಿದ್ದೇನೆ.

ನಮ್ಮ ಕಚೇರಿ ನೆಲಮಾಳಿಗೆಯಲ್ಲಿದೆ. ಗೋಡೆಯುದ್ದಕ್ಕೂ ಮರದ ಖಾನೆಗಳು, ಖಾನೆಗಳ ತುಂಬ ಚೀಟಿಗಳು, ಒಂದೊಂದು ಚೀಟಿಗೆ ಒಂದೊಂದು ಪದ. ನಾನು ಸೇರಿದಾಗ ಗ್ರೀಕಿನ ಕಪ್ಪಾ ಅಕ್ಷರ ನಡೆಯುತ್ತಿತ್ತು, ಈಗ ಪೈ ಅಕ್ಷರಕ್ಕೆ ಬಂದಿದ್ದೇವೆ. ನಿಮ್ಮ ಪಟ್ಟಿಯ ಮೊದಲ ಪದ ಕಳೆದ ತಿಂಗಳು ನನ್ನ ಮೇಜಿನ ಮೇಲೇ ಇತ್ತು. ಹಳೆಯ ಗ್ರೀಕರು ಅದನ್ನು ಪ್ಲೆವ್ರಾ ಎನ್ನುತ್ತಿದ್ದರು. ಪಕ್ಕೆ, ಪಕ್ಕೆಲುಬು ಎಂದಷ್ಟೇ ಅರ್ಥ. ಹಡಗಿನ ಪಕ್ಕಕ್ಕೂ, ಹೊಲದ ಅಂಚಿಗೂ ಅದೇ ಮಾತು. ಶ್ವಾಸಕೋಶವನ್ನು ಸುತ್ತಿದ ತೆಳ್ಳನೆಯ ಪೊರೆಗೆ ಆ ಹೆಸರನ್ನು ವೈದ್ಯರು ಆಮೇಲೆ ಇಟ್ಟುಕೊಂಡರು.

ಮೂರನೆಯದರ ಕಥೆ ಉದ್ದವಿದೆ. ಗ್ರೀಕರಲ್ಲಿ ಸ್ಬೆಸ್ತೊಸ್ ಎಂದರೆ ಆರಿದ್ದು, ನಂದಿದ್ದು. ಅದರ ಮೊದಲಿಗೆ ಒಂದು ‘ಅ’ ಸೇರಿಸಿದರೆ ಆರದ್ದು. ನಮ್ಮ ಅನ್ಯಾಯ, ಅಶಾಂತಿಗಳಲ್ಲಿ ಇರುವ ‘ಅ’ ಇದೆಯಲ್ಲ, ಇದೂ ಅದೇ, ಒಂದೇ ಮನೆತನದ್ದು. ಆದರೆ ಅವರು ಅಸ್ಬೆಸ್ತೊಸ್ ಎಂದು ಕರೆಯುತ್ತಿದ್ದುದು ನಿಮ್ಮ ಕಾರ್ಖಾನೆಯ ನಾರನ್ನಲ್ಲ, ಸುಟ್ಟ ಸುಣ್ಣವನ್ನು. ನೀರು ಹೊಯ್ದರೆ ಆರುವ ಬದಲು ಕುದಿಯುತ್ತದಲ್ಲ, ಅದಕ್ಕೆ. ನಾರಿನ ಕಲ್ಲಿಗೆ ಅವರಿಟ್ಟ ಹೆಸರು ಬೇರೆ, ಅಮಿಯಾಂತೊಸ್. ಅದರ ಬಟ್ಟೆ ಕೊಳೆಯಾದರೆ ಬೆಂಕಿಗೆ ಎಸೆದು ತೆಗೆಯುತ್ತಿದ್ದರಂತೆ, ಬೆಳ್ಳಗೆ ಹೊರಗೆ ಬರುತ್ತಿತ್ತಂತೆ. ಆದ್ದರಿಂದ ಆ ಹೆಸರು: ಕಲೆ ಹಿಡಿಯದ್ದು, ಮೈಲಿಗೆಯಾಗದ್ದು. ಆಮೇಲೆ ಬಂದ ಬೇರೆ ನಾಡಿನ ಬರಹಗಾರರ ಕೈಯಲ್ಲಿ ಎರಡು ಹೆಸರೂ ಅದಲುಬದಲಾಗಿ, ತಪ್ಪು ಹೆಸರೇ ನಿಂತಿತು.

ನಡುವಿನದು ಈಚೆಗೆ ಹೊಸೆದ ಪದ. ನಡುವಿನ ಪೊರೆಯಲ್ಲಿ ಎದ್ದ ಗಂಟು ಎಂದು ಇಟ್ಟುಕೊಳ್ಳಿ.

ಡಾಕ್ಟರು ಮುಂದೇನು ಎಂದರು? ಇನ್ನೊಂದು. ಅಮ್ಮನಿಗೂ ಪಕ್ಕೆನೋವು ಇತ್ತಲ್ಲ. ಯಾವ ಕಡೆಗೆ?

ನಿಮ್ಮ ಮಗಳು

*

ಫೆಬ್ರವರಿ 15

ಕಡ್ಡಿಗೆ,

ಮೊದಲು ನನಗೆ ನೀನು ಎನ್ನುತ್ತಿದ್ದೆ. ಈಗ ನೀವು ಆಗಿದ್ದೇನೆ. ಆಗಲಿ, ವಯಸ್ಸಿಗೆ ಮರ್ಯಾದೆ ಬಂತು.

ಕಲೆ ಹಿಡಿಯದ್ದು ಎಂಬ ಮಾತನ್ನು ಎರಡು ಸಲ ಓದಿದೆ. ಅವರು ನಮ್ಮ ಚೀಲದ ಕೋಣೆಯನ್ನು ನೋಡಿದ್ದರೆ ಹಾಗೆ ಕರೆಯುತ್ತಿರಲಿಲ್ಲ. ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾರಿನ ಚೀಲಗಳು ಲಾರಿಯಲ್ಲಿ ಬರುತ್ತಿದ್ದವು. ಕೊಕ್ಕೆಚಾಕುವಿನಿಂದ ಹೊಟ್ಟೆ ಸೀಳಿ, ಎತ್ತಿ, ಬಾನಿಯೊಳಗೆ ಕೊಡವಬೇಕು. ಅಲ್ಲಿ ಸಿಮೆಂಟು ನೀರು ಸೇರಿ ಕಲಸಿಕೊಳ್ಳುತ್ತದೆ, ಆಚೆ ಕಡೆಯಿಂದ ಸೂರಿನ ಹಾಳೆಯಾಗಿ ಹೊರಬೀಳುತ್ತದೆ. ಬಿಳಿ ನಾರು, ಒಮ್ಮೊಮ್ಮೆ ನೀಲಿ ನಾರು. ನೀಲಿಯದು ಇನ್ನೂ ನಯ. ಕಿಟಕಿಯಿಂದ ಬಿಸಿಲು ಬಿದ್ದಾಗ ಧೂಳು ಕಂಬದ ಹಾಗೆ ನಿಂತಿರುತ್ತಿತ್ತು. ಊಟದ ಹೊತ್ತಿಗೆ ಚೀಲಗಳ ಮೇಲೇ ಒರಗುತ್ತಿದ್ದೆವು, ಹಾಸಿಗೆಗಿಂತ ಮೆತ್ತಗೆ. ಹುಡುಗಾಟಕ್ಕೆ ಉಂಡೆ ಮಾಡಿ ಒಬ್ಬರಿಗೊಬ್ಬರು ಎಸೆಯುತ್ತಿದ್ದೆವು.

ಮನೆಗೆ ಬಂದರೆ ನಿನ್ನ ಅಮ್ಮ ಒಳಗೆ ಬಿಡುತ್ತಿರಲಿಲ್ಲ. ಹಿತ್ತಿಲಲ್ಲೇ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಗೋಡೆಗೆ ಬಡಿದು ಬಡಿದು ಕೊಡವುತ್ತಿದ್ದಳು. “ನಿಮ್ಮ ಕಾರ್ಖಾನೇನ ದಿನಾ ಮನೆಗೆ ಹೊತ್ಕೊಂಡು ಬರಬೇಡಿ” ಎಂದು ಬಯ್ಯುತ್ತಿದ್ದಳು. ನೀನು ನನ್ನ ಮಡಿಲು ಹತ್ತಿ, ಅಪ್ಪ ಮುದುಕ ಆದ ಎಂದು ನಗುತ್ತ, ಹುಬ್ಬಿನ ಮೇಲಿನ ಬಿಳಿಯನ್ನು ಉಫ್ ಎಂದು ಊದುತ್ತಿದ್ದೆ. ನೆನಪಿದೆಯೋ ಇಲ್ಲವೋ.

ನಿನ್ನ ಮಾವ ಬಂದಿದ್ದ. ಅವನಿನ್ನೂ ಅಲ್ಲೇ ಇದ್ದಾನಲ್ಲ, ಪಾಳಿಯ ಮೇಸ್ತ್ರಿ. ನಿವೃತ್ತಿ ಹತ್ತಿರ ಬಂದಿದೆ. ಹಣ್ಣು ತಂದಿದ್ದ. ಬಹಳ ಹೊತ್ತು ಅದೂ ಇದೂ ಮಾತಾಡಿ, ಎದ್ದು ನಿಂತಮೇಲೆ ವಿಷಯ ತೆಗೆದ.

“ಭಾವ, ಡಾಕ್ಟರು ಕೇಳಿದ್ರೆ ಮೊದಲು ಸಿಗರೇಟು ಸೇದ್ತಿದ್ದೆ ಅಂತ ಹೇಳು.”

“ನಾನು ಯಾವಾಗ ಸೇದಿದೀನಿ?”

“ಸೇದಿಲ್ಲ, ಗೊತ್ತು. ಹೇಳಿದ್ರೆ ಏನು ಕಳ್ಕೋತೀಯ? ಕಾರ್ಖಾನೆ ಮುಚ್ಚಿಸಿದ್ರೆ ಈ ಸಾಲಿನ ಮನೆಗಳೆಲ್ಲ ಏನು ತಿನ್ನಬೇಕು?”

ಮಾತಾಡಿದರೆ ಕೆಮ್ಮು ಬರುತ್ತದೆ ಎಂದು ಕೈಸನ್ನೆ ಮಾಡಿದೆ. ಕಾಯಿಲೆಯಿಂದ ಅಷ್ಟಾದರೂ ಅನುಕೂಲವಿದೆ.

ಡಾಕ್ಟರು ಈ ಸಲ ಪ್ರಾಗ್ನೋಸಿಸ್ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅದೇನು?

ಅಪ್ಪ

*

ಮಾರ್ಚ್ 6

ಅಪ್ಪನಿಗೆ,

ನೀನು ಎಂದು ಬರೆಯಲು ಹೋದರೆ ಕೈ ನಿಲ್ಲುತ್ತದೆ. ಸ್ವಲ್ಪ ದಿನ ಕೊಡಿ.

ಪ್ರೊ ಎಂದರೆ ಮುಂಚೆ. ಗ್ನೋಸಿಸ್ ಎಂದರೆ ತಿಳಿವು. ನಮ್ಮ ‘ಪ್ರ’ ಮತ್ತು ‘ಜ್ಞಾ’ ಇವೆಯಲ್ಲ, ಇವು ಅವುಗಳ ಒಡಹುಟ್ಟುಗಳು. ನಮ್ಮಲ್ಲಿ ಅವೆರಡೂ ಸೇರಿ ಪ್ರಜ್ಞೆ ಆಯಿತು, ಅವರಲ್ಲಿ ಕಾಯಿಲೆ ಎತ್ತ ಹೋಗುತ್ತದೆಂದು ಮುಂಚೆಯೇ ತಿಳಿಯುವುದು ಎಂದಾಯಿತು. ಅವರ ಕಾಲದ ವೈದ್ಯರ ಕೈಯಲ್ಲಿ ಔಷಧಿ ಕಡಿಮೆ. ಬದುಕುವವರು ಯಾರು, ಉಳಿಯದವರು ಯಾರು ಎಂದು ಮುಂಚೆ ಹೇಳಬಲ್ಲವನೇ ಒಳ್ಳೆಯ ವೈದ್ಯ ಅನಿಸಿಕೊಳ್ಳುತ್ತಿದ್ದ. ಸಾಯುವವನು ಎಂದು ಮೊದಲೇ ಹೇಳಿಬಿಟ್ಟರೆ ವೈದ್ಯನ ಮೇಲೆ ಅಪವಾದ ಬರುತ್ತಿರಲಿಲ್ಲ.

ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದೆ. ಅವರು ಮುಂಚೆ ತಿಳಿದದ್ದನ್ನು ನನಗೂ ಹೇಳಿದರು. ನಿಮಗೂ ಹೇಳಿದ್ದಾರೆಂದು ಗೊತ್ತಾಯಿತು. ಆದ್ದರಿಂದ ಇಬ್ಬರೂ ಗೊತ್ತಿಲ್ಲದವರ ಹಾಗೆ ಬರೆದುಕೊಳ್ಳುವುದು ಬೇಡ.

ಹುಬ್ಬು ಊದುತ್ತಿದ್ದುದು ನೆನಪಿದೆ.

ಇನ್ನೂ ಒಂದು ನೆನಪಿದೆ. ಕೊನೆಯ ಸಲ ರಜೆಗೆ ಬಂದಾಗ ಅಮ್ಮ ಮಂಚದ ಮೇಲೆ ದಿಂಬುಗಳನ್ನು ಪೇರಿಸಿ ಒರಗಿ ಕೂತೇ ಮಲಗುತ್ತಿದ್ದಳು. ಗೋಡೆಯ ಕಡೆಗೆ ತಿರುಗಲು ಆಗುತ್ತಿರಲಿಲ್ಲ. ಕಾರ್ಖಾನೆಯ ಡಾಕ್ಟರು ಹಳೆ ಕ್ಷಯ ಎಂದರು, ನೀವು ನಂಬಿದಿರಿ. ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ನಾನು ಆಗ ಹೇಳಿದ್ದು, ಆಮೇಲೆ ಅಡುಗೆಮನೆಯಲ್ಲಿ ಕೂಗಾಡಿದ್ದು ಎರಡೂ ಅದಕ್ಕೇ. ಅವಳ ಎಕ್ಸ್-ರೇ ಸಿಗುತ್ತದೆಯೇ ಎಂದು ಎದೆ ಡಾಕ್ಟರು ವಿಚಾರಿಸಿದರಂತೆ. ಹಳೆಯದನ್ನು ಯಾರೂ ಇಟ್ಟುಕೊಂಡಿಲ್ಲ.

ಒಮ್ಮೆ ಕೇಳಿದೆ, ಉತ್ತರ ಬರಲಿಲ್ಲ. ಮತ್ತೆ ಕೇಳುತ್ತಿದ್ದೇನೆ. ಯಾವ ಕಡೆಗೆ ನೋವಿತ್ತು? ಮುಂದಿನ ತಿಂಗಳು ರಜೆ ಹಾಕಿ ಬರುತ್ತೇನೆ.

ನಿಮ್ಮ ಮಗಳು

*

ಮಾರ್ಚ್ 27

ಬಲಗಡೆ.

ಅವಳಿಗೂ ನೀರು ತುಂಬಿತ್ತು. ತೆಗೆದವರಿಲ್ಲ. ನನಗಾದರೂ ತೆಗೆಯುತ್ತಿದ್ದಾರೆ.

ಎದೆ ಡಾಕ್ಟರು ನಿನಗೆ ಇನ್ನೇನು ಹೇಳಿದ್ದಾರೋ ನನಗೆ ಗೊತ್ತು. ನಾನು ಹೋದ ಮೇಲೆ ನನ್ನನ್ನು ಕೊಯ್ದು ನೋಡಬೇಕಂತೆ. ಇಲ್ಲದಿದ್ದರೆ ಕಾರ್ಖಾನೆಯವರು ಸಿಗರೇಟು, ಕ್ಷಯ, ವಯಸ್ಸು ಎಂದು ಏನಾದರೊಂದು ಹೇಳಿ ಕೈ ತೊಳೆದುಕೊಳ್ಳುತ್ತಾರಂತೆ. ಅದಕ್ಕೂ ಅವರು ಒಂದು ಗ್ರೀಕ್ ಹೆಸರು ಹೇಳಿದರು, ಆಟಾಪ್ಸಿ. ಕೇಳಲು ಆಟದ ಹಾಗಿದೆ. “ಒಪ್ಪಿಗೆ ಇದೆಯಾ?” ಎಂದರು. “ನನ್ನ ಕೆಲಸ ಮುಗಿದ ಮೇಲೆ ನಿಮ್ಮ ಕೆಲಸ ಮಾಡ್ಕೊಳ್ಳಿ” ಎಂದು ಸಹಿ ಹಾಕಿದೆ. ಮಾವನಿಗೆ ಸಿಟ್ಟು ಬಂದಿದೆ. “ಸತ್ತ ಮೇಲೂ ಕೊಯ್ಯಿಸ್ಕೊಳ್ಳೋ ಹಟ ಯಾಕೆ ನಿನಗೆ?” ಎಂದು ಕೇಳಿ ಹೋದವನು ತಿರುಗಿ ಬಂದಿಲ್ಲ.

ಅದು ನನ್ನ ಮೈ, ನನ್ನ ಮಾತು. ಆದರೆ ಡಾಕ್ಟರು ಅಲ್ಲಿಗೇ ನಿಲ್ಲಿಸಲಿಲ್ಲ. ನಿಮ್ಮ ಹೆಂಡತಿಯನ್ನು ಸುಟ್ಟರೋ ಹೂಳಿದರೋ ಎಂದು ಕೇಳಿದರು. ಯಾಕೆ ಕೇಳಿದರು ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಆ ಬುದ್ಧಿ ಅವರಿಗೆ ತಾನೇ ಬಂತೋ ನೀನು ಕೊಟ್ಟೆಯೋ ನನಗೆ ಗೊತ್ತಿಲ್ಲ. ಯಾರೇ ಇರಲಿ, ಅವಳನ್ನು ಎಬ್ಬಿಸಬೇಡಿ. ಕೂತೇ ನಿದ್ದೆ ಮಾಡಿ ಮಾಡಿ ಸಾಕಾಗಿದ್ದವಳು ಈಗ ಬೆನ್ನು ಚಾಚಿ ಮಲಗಿದ್ದಾಳೆ.

ಅದನ್ನು ಕೇಳಲು ಬರುವುದಾದರೆ ಬರಬೇಡ.

ಅಪ್ಪ

*

ಏಪ್ರಿಲ್ 9

ಅಪ್ಪ,

ಅದನ್ನು ಕೇಳಲು ಅಲ್ಲ, ನಿನ್ನನ್ನು ನೋಡಲು ಬರುತ್ತಿದ್ದೇನೆ. ಹದಿನೆಂಟರ ಬೆಳಗಿನ ಗಾಡಿ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ, ಎದುರುಮನೆ ಅಕ್ಕ ಬಂದು ನಿನ್ನನ್ನು ಬಯ್ಯುತ್ತಾಳೆ.

ಹೂಳಿದ್ದು ಎಂದು ಡಾಕ್ಟರಿಗೆ ನಾನೇ ಹೇಳಿದ್ದೆ. ಫೋನಿನಲ್ಲಿ ಕೇಳಿದರು, ಹೇಳಿದೆ. ಅದರ ಮುಂದೆ ಮಾತಾಡಿಲ್ಲ.

ಔತೊಪ್ಸಿಯಾ ಎನ್ನುವುದಕ್ಕೂ ಹೆಣಕ್ಕೂ ಮೊದಲು ಸಂಬಂಧವೇ ಇರಲಿಲ್ಲ. ಔತೊಸ್, ತಾನೇ. ಓಪ್ಸಿಸ್, ನೋಟ. ದೂರದ ನಾಡಿಗೆ ಹೋಗಿ ಬಂದವನು, ಯಾರೋ ಹೇಳಿದ್ದಲ್ಲ, ನನ್ನ ಕಣ್ಣಾರೆ ಕಂಡದ್ದು ಎಂದು ಬರೆಯುವಾಗ ಬಳಸುತ್ತಿದ್ದ ಮಾತು. ಹೆಣ ಕೊಯ್ಯುವ ಅರ್ಥ ಬಹಳ ತಡವಾಗಿ ಅಂಟಿಕೊಂಡಿತು.

ಇನ್ನೊಂದು ಪದವನ್ನು ನಾನು ಮೊದಲ ಕಾಗದದಲ್ಲಿ ಬೇಗಬೇಗ ದಾಟಿಬಿಟ್ಟಿದ್ದೆ. ನಡುವಿನ ಪೊರೆ ಎಂದೆನಲ್ಲ, ಪೊರೆ ಎಂದು ನಾನು ಬರೆದ ಕಡೆ ಆ ಪದದಲ್ಲಿ ಇರುವುದು ಥೇಲೆ. ಥೇಲೆ ಎಂದರೆ ಮೊಲೆತೊಟ್ಟು. ಮಗುವಿನ ಬಾಯಿಗೆ ಸಿಗುವ ಆ ನವಿರಾದ ತೊಗಲಿಗೆ ಒಬ್ಬ ವೈದ್ಯ ಆ ಹೆಸರಿನಿಂದ ಒಂದು ಪದ ಕಟ್ಟಿದ. ಆಮೇಲೆ ಮೈಯೊಳಗಿನ ಎಲ್ಲ ತೆಳು ಪೊರೆಗಳಿಗೂ ಅದು ಹಬ್ಬಿತು. ಹಾಲೂಡುವುದು ಎಂಬ ಧಾತುವಿನಿಂದ ಬಂದದ್ದು. ನಮ್ಮ ಧೇನುವೂ ಅದರಿಂದಲೇ. ನಿನ್ನ ಕಾಯಿಲೆಯ ಹೆಸರಿನೊಳಗೆ ಅದು ಕೂತಿದೆ. ಅದನ್ನು ಬರೆಯುವಾಗ ನನಗೆ ಅಮ್ಮ ನೆನಪಾದಳು, ಬಿಟ್ಟುಬಿಟ್ಟೆ.

ಏನಾದರೂ ತರಬೇಕಿದ್ದರೆ ಎದುರುಮನೆಗೆ ಫೋನ್ ಮಾಡಿ ಕೇಳುತ್ತೇನೆ, ಅಕ್ಕನ ಹತ್ತಿರ ಹೇಳಿಡು.

ಕಡ್ಡಿ

*

ಜೂನ್ 21

ಕಡ್ಡಿಗೆ,

ನೀನು ಹೋದ ಮೇಲೆ ಮನೆ ಮತ್ತೆ ದೊಡ್ಡದಾಗಿದೆ. ನೀನು ತಂದುಕೊಟ್ಟ ಎತ್ತರದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಂದು ಸಾಲು ಬರೆದು ಸ್ವಲ್ಪ ಉಸಿರಾಡುವುದು, ಮತ್ತೊಂದು ಸಾಲು. ಅಕ್ಷರ ಓಲಾಡಿದ್ದರೆ ಹೊಂದಿಸಿಕೋ. ಎರಡು ಸಾವಿರ ವರ್ಷದ ಹಿಂದಿನವರ ಕೈಬರಹ ಓದುವವಳಿಗೆ ಇದೇನು ಮಹಾ.

ನಾವಿಬ್ಬರೂ ನಿನ್ನ ಅಮ್ಮನ ಹತ್ತಿರ ಹೋಗಿದ್ದಾಗ ನೀನು ಹೇಳಿದ ಮಾತು ತಲೆಯಲ್ಲಿ ಉಳಿದಿದೆ. ಸ್ಮಶಾನಕ್ಕೆ ಅವರಿಟ್ಟ ಹೆಸರು ಮಲಗುವ ಮನೆ, ನಮ್ಮ ಶಯನವೂ ಆ ಮಾತೂ ನೆಂಟರು ಎಂದೆ. ನಾನು ಆಗ, “ನೋಡಿದ್ಯಾ, ನಿನ್ನ ಗ್ರೀಕರೂ ನನ್ನ ಕಡೇನೇ” ಎಂದೆ. ಬಂದಿದ್ದಷ್ಟು ದಿನ ನೀನು ಅವಳನ್ನು ಎಬ್ಬಿಸುವ ವಿಷಯ ಎತ್ತಲಿಲ್ಲ. ಎತ್ತುತ್ತೀಯ ಎಂದು ನಾನು ದಿನಾ ಕಾದಿದ್ದೆ, ಜಗಳಕ್ಕೆ ಮಾತು ಹೊಂದಿಸಿಟ್ಟುಕೊಂಡಿದ್ದೆ. ಎಲ್ಲ ಹಾಗೇ ಉಳಿಯಿತು.

ಎದುರುಮನೆ ಅಕ್ಕನಿಗೂ ಪಕ್ಕೆಯಲ್ಲಿ ನೀರು ಬಂದಿದೆ. ಅವಳ ಗಂಡ ನನ್ನ ಜೊತೆ ಚೀಲ ಸೀಳಿದವನು, ಅವನು ಗಟ್ಟಿಮುಟ್ಟಾಗಿದ್ದಾನೆ. ಇವಳು ಕಾರ್ಖಾನೆಯ ಗೇಟು ದಾಟಿದವಳಲ್ಲ. ಡಾಕ್ಟರು ಕಾರ್ಖಾನೆಗೆ ಕಾಗದ ಬರೆದರಂತೆ. ನಮ್ಮಲ್ಲಿ ಕೆಲಸ ಮಾಡದ ಹೆಂಗಸಿಗೆ ನಮ್ಮಿಂದ ಏನೂ ಆಗಲಾರದು, ಹಾಗೆ ಆದದ್ದು ಈ ಊರಿನಲ್ಲಿ ಒಂದೂ ಇಲ್ಲ ಎಂದು ಉತ್ತರ ಬಂತಂತೆ. ನಿನ್ನೆ ಅಕ್ಕ ಬಂದು ಹೊಸ್ತಿಲ ಮೇಲೆ ಕೂತಳು. ನನಗೆ ಏರು ಉಸಿರು, ಅವಳಿಗೂ ಏರು ಉಸಿರು. “ನಿಮ್ಮ ಮನೆಯವಳಿಗೂ ಇದೇ ಇತ್ತಲ್ಲಣ್ಣ” ಎಂದಳು.

ಹೌದು ಎಂದೆ.

“ಅವಳಿದ್ದಿದ್ರೆ ಹೇಳಿರೋಳು.”

ನೀರಿನ ಚೆಂಬನ್ನು ಅವಳ ಕಡೆಗೆ ಸರಿಸಿದೆ.

ಎಬ್ಬಿಸಬೇಡಿ ಎಂದು ಬರೆದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿ ನನಗಿಲ್ಲ. ಹಾಗೇ ಇರಲಿ ಎಂದು ಮತ್ತೊಮ್ಮೆ ಹೇಳಲೂ ಬಾಯಿ ಬರುತ್ತಿಲ್ಲ. ನೀನು ಅವಳ ಮಗಳು. ನೋಡಿಕೋ.

ಊಟ ಸರಿಯಾಗಿ ಮಾಡು. ಇನ್ನೂ ಕಡ್ಡಿಯಾಗಿದ್ದೀಯ.

ಅಪ್ಪ

*

ಸೆಪ್ಟೆಂಬರ್ 18

ಮಾವನಿಗೆ,

ಅಪ್ಪನನ್ನು ಹೊರುವಾಗ ನೀವು ಮುಂದಿನ ಬಲಗಡೆಗೆ ಹೆಗಲು ಕೊಟ್ಟಿರಿ. ಅವತ್ತು ನಿಮ್ಮ ಜೊತೆ ಮಾತಾಡಲಾಗಲಿಲ್ಲ. ನೀವೂ ನಿಲ್ಲಲಿಲ್ಲ.

ಅಪ್ಪನನ್ನು ಕೊಯ್ದು ನೋಡಿದವರ ವರದಿ ಬಂದಿದೆ. ಎಲ್ಲವನ್ನೂ ಬರೆದು ನಿಮಗೆ ನೋವು ಕೊಡುವುದಿಲ್ಲ. ಬಲ ಶ್ವಾಸಕೋಶದ ಸುತ್ತ ಪೊರೆ ಇರಬೇಕಾದ ಕಡೆ ಕಿತ್ತಳೆ ಸಿಪ್ಪೆಯಷ್ಟು ದಪ್ಪಗೆ, ಮರದಷ್ಟು ಗಟ್ಟಿಯಾಗಿತ್ತಂತೆ. ಒಳಗೆಲ್ಲ ನಾರು. ಸಿಗರೇಟಿನ ಗುರುತು ಇಲ್ಲ. ಪರಿಹಾರದ ವಿಚಾರಣೆ ನಡೆಸುತ್ತಿರುವ ಅಧಿಕಾರಿ ಅದನ್ನು ಕಾರ್ಖಾನೆಯ ಕಾಯಿಲೆ ಎಂದು ಬರೆದರು. ಕಾರ್ಖಾನೆಯವರು ಅಪ್ಪನ ಮಟ್ಟಿಗೆ ಒಪ್ಪಿಕೊಂಡರು.

ಹೆಂಗಸರ ವಿಷಯ ಬಂದಾಗ ಅವರ ವಕೀಲರು ಎದ್ದು ನಿಂತು, “ಮನೇಲಿದ್ದೋರಿಗೂ ಕಾರ್ಖಾನೆಗೂ ಏನು ಸಂಬಂಧ? ಒಂದು ಉದಾಹರಣೆ ತೋರಿಸಿ” ಎಂದರು. ಎದುರುಮನೆ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಕೆಮ್ಮು ಅಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು.

ಮಾವ, ಆ ಉದಾಹರಣೆ ಎಲ್ಲಿದೆ ಎಂದು ನಮಗಿಬ್ಬರಿಗೂ ಗೊತ್ತು. ಮೈ ಮಣ್ಣಾದರೂ ಆ ನಾರು ಮಣ್ಣಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಸಮಾಧಿ ಅಗೆದು ನೋಡುವುದಕ್ಕೆ ಅಧಿಕಾರಿ ಅನುಮತಿ ಕೊಡಲು ಸಿದ್ಧರಿದ್ದಾರೆ. ಹತ್ತಿರದ ರಕ್ತಸಂಬಂಧಿಗಳೆಲ್ಲ ಸಹಿ ಹಾಕಬೇಕು. ಅಮ್ಮನಿಗೆ ಉಳಿದವರು ನೀವು ಮತ್ತು ನಾನು. ನಾನು ಹಾಕಿದ್ದೇನೆ. ಹಾಕಿದ ಮೇಲೆ ಎರಡು ದಿನ ಕಚೇರಿಗೆ ಹೋಗಲಾಗಲಿಲ್ಲ. ಅಪ್ಪ ಬೇಡ ಎಂದಿದ್ದ, ಆಮೇಲೆ ನೋಡಿಕೋ ಎಂದ. ಅದು ಒಪ್ಪಿಗೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಪದಗಳ ಅರ್ಥ ಬರೆಯುವುದು ನನ್ನ ಹೊಟ್ಟೆಪಾಡು, ಆ ಒಂದು ಪದ ಮಾತ್ರ ನನಗೆ ಒಲಿಯುತ್ತಿಲ್ಲ.

ನಿಮ್ಮ ಕೆಲಸಕ್ಕೆ ಕುತ್ತು ಬರಬಹುದು, ಗೊತ್ತು. ಸಾಲುಮನೆಯವರು ನಿಮ್ಮನ್ನೇ ದೂರಬಹುದು. ನೀವು ಆಗುವುದಿಲ್ಲ ಎಂದರೆ ಮತ್ತೆ ಕೇಳುವುದಿಲ್ಲ.

ನಾನೂ ಎದೆಯ ಪರೀಕ್ಷೆ ಮಾಡಿಸಿಕೊಂಡಿದ್ದೇನೆ. ಅದರ ಮಾತು ಈಗ ಬೇಡ. ಅತ್ತೆಗೆ ನಮಸ್ಕಾರ ಹೇಳಿ.

ನಿಮ್ಮ ಅಕ್ಕನ ಮಗಳು

*

ನವೆಂಬರ್ 30

ಮಗಳಿಗೆ ಮಾವನ ಆಶೀರ್ವಾದ.

ನಿನಗೆ ಉತ್ತರ ಬರೆಯಲಿಲ್ಲ, ಸಹಿ ಹಾಕಿ ನೇರ ಅಧಿಕಾರಿಗೇ ಕೊಟ್ಟೆ. ನಿನಗೆ ಗೊತ್ತಾಗಿರುತ್ತದೆ. ನಿನ್ನ ಅಮ್ಮನ ಸಮಾಧಿ ಅಗೆದ ದಿನ ನೀನು ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ಅವತ್ತೇ ನಿನಗೂ ಆಸ್ಪತ್ರೆಗೆ ಬರಹೇಳಿದ್ದರು ಎಂದು ಡಾಕ್ಟರು ಹೇಳಿದರು. ನಿನಗೆ ಹೇಗಿದೆ ಎಂದು ಬೇರೆ ಕಾಗದದಲ್ಲಿ ಬರೆ. ಈಗ ನಾನು ನೋಡಿದ್ದನ್ನು ಬರೆಯುತ್ತೇನೆ. ನಿನ್ನ ಪರವಾಗಿ ಯಾರಾದರೂ ನೋಡಬೇಕಿತ್ತು.

ಬೆಳಿಗ್ಗೆ ಮಂಜಿತ್ತು. ಸುತ್ತ ಟಾರ್ಪಾಲು ಕಟ್ಟಿದ್ದರು. ಸಾಲಿನ ಹೆಂಗಸರೆಲ್ಲ ಬಂದು ಗೋಡೆಯಾಚೆ ನಿಂತಿದ್ದರು. ಕಾರ್ಖಾನೆ ಕಡೆಯಿಂದ ವಕೀಲರು ಬಂದಿದ್ದರು. ನನ್ನನ್ನು ನೋಡಿದರು, ಮಾತಾಡಿಸಲಿಲ್ಲ. ಅಗೆಯುವ ಮುಂಚೆ ನಮಗೆಲ್ಲ ಮೂಗುಬಾಯಿಗೆ ಕಟ್ಟಿಕೊಳ್ಳಲು ಕವಚ ಕೊಟ್ಟರು. ದಪ್ಪದ್ದು, ಎರಡು ಪಟ್ಟಿಯದ್ದು, ಎಲ್ಲಿಂದಲೂ ಗಾಳಿ ನುಸುಳುವುದಿಲ್ಲ. ಅಂಥದ್ದನ್ನು ಕಾರ್ಖಾನೆಯಲ್ಲಿ ನಾನು ಒಂದು ದಿನವೂ ಕಂಡಿಲ್ಲ.

ಅಕ್ಕನದು ಅಂತ ಗುರುತು ಸಿಗುವುದು ಹೆಚ್ಚೇನೂ ಉಳಿದಿರಲಿಲ್ಲ. ಉಣ್ಣೆ ಅಂಗಿಯ ಗುಂಡಿಗಳು ಇದ್ದವು. ತಲೆಯ ಹತ್ತಿರ ಬಾಚಣಿಗೆ ಇತ್ತು, ಭಾವ ಇಟ್ಟಿರಬೇಕು. ಡಾಕ್ಟರಮ್ಮ ಮಂಡಿಯೂರಿ, ಮಗುವಿನ ಕಿವಿ ಒರೆಸುವ ಹಾಗೆ ಮೆಲ್ಲಗೆ, ಬಲ ಪಕ್ಕೆಲುಬಿನ ಒಳಗಡೆಯದನ್ನು ಚಿಕ್ಕ ಡಬ್ಬಿಗಳಿಗೆ ತುಂಬಿಕೊಂಡರು. ಆಮೇಲೆ ಮುಚ್ಚಿದರು. ನಾನೇ ಮೊದಲ ಮಣ್ಣು ಹಾಕಿದೆ.

ಮೂರು ವಾರದ ಮೇಲೆ ಡಾಕ್ಟರಮ್ಮ ಕರೆಸಿದರು. “ನೀವು ನೋಡ್ತೀರಾ?” ಎಂದರು. ಬೇಡ ಎನ್ನಬೇಕೆಂದೇ ಹೋಗಿದ್ದೆ, ಹೂಂ ಎಂದೆ. ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟೆ. ಮೊದಲು ಮಬ್ಬು. ಅವರು ತಿರುಗಣೆ ತಿರುಗಿಸಿದರು. ಕಡ್ಡಿ ಕಡ್ಡಿಯಾಗಿ, ನೆಟ್ಟಗೆ, ಬೇಕಾದಷ್ಟು. ಕೆಲವಕ್ಕೆ ತುದಿಯಲ್ಲಿ ತುಕ್ಕಿನ ಮಣಿ ಕಟ್ಟಿದ ಹಾಗಿತ್ತು. ಉಳಿದವು ಚೀಲದಿಂದ ಈಗ ತಾನೇ ಸುರಿದಂತೆ ಇದ್ದವು. ನಾನು ಆ ನಾರನ್ನು ದಿನಾ ನೋಡುವವನು, ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊನ್ನೆ ವಿಚಾರಣೆಯಲ್ಲಿ ನನ್ನನ್ನೂ ಕರೆದರು. ಚೀಲದ ಕೋಣೆಯಲ್ಲಿ ಕವಚ ಕೊಡುತ್ತಿದ್ದರೇ ಎಂದು ಕೇಳಿದರು, ಇಲ್ಲ ಎಂದೆ. ಕೆಲಸದ ಬಟ್ಟೆಯನ್ನು ಕಾರ್ಖಾನೆಯಲ್ಲೇ ಒಗೆಯುವ ಏರ್ಪಾಡಿತ್ತೇ ಎಂದು ಕೇಳಿದರು, ಇಲ್ಲ ಎಂದೆ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ವಕೀಲರು ಕೇಳಿದರು. “ಮೇಸ್ತ್ರಿ ನಾನೇ” ಎಂದೆ. ನಾಳೆಯಿಂದ ಬರುವುದು ಬೇಡ ಎಂದು ಸಂಜೆ ಹೇಳಿ ಕಳಿಸಿದರು. ಎದುರುಮನೆಯಾಕೆಯ ಅರ್ಜಿ ತೆಗೆದುಕೊಂಡಿದ್ದಾರೆ. ಅವಳು ತೀರ್ಪು ಬರುವ ತನಕ ಇರುತ್ತಾಳೋ ಇಲ್ಲವೋ ಹೇಳಲಾಗದು. ಅವಳ ಹಿಂದೆ ಸಾಲಿನ ಇನ್ನೂ ನಾಲ್ಕು ಹೆಂಗಸರು ಅರ್ಜಿ ಕೊಟ್ಟಿದ್ದಾರೆ.

ನಿನ್ನ ಅತ್ತೆಗೆ ಒಂದು ತಿಂಗಳಿಂದ ಕೆಮ್ಮು. ಥಂಡಿ ಎನ್ನುತ್ತಾಳೆ. ನಿನ್ನೆ ನೀರಿನ ಕೊಡ ಇಳಿಸಿ ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು ನಿಂತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ನಾಳೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಯಾಕೆ ಅಂತ ಹೇಳಿಲ್ಲ. ಕನ್ನಡಕ ಮಾಡಿಸೋಣ ಬಾ ಎಂದಿದ್ದೇನೆ. ಬಹಳ ದಿನದಿಂದ ಕೇಳುತ್ತಿದ್ದಳು, ಖುಷಿಯಾಗಿದ್ದಾಳೆ. ಯಾವ ಸೀರೆ ಉಡಲಿ ಎಂದು ಈಗ ಒಳಗಿನಿಂದ ಕೂಗಿ ಕೇಳುತ್ತಿದ್ದಾಳೆ. ಕಾಗದ ನಿಲ್ಲಿಸುತ್ತೇನೆ.

ಮಾವ